ಕಂಸ ಬಿಡಿಸುವುದು

ತಾಳೆಗಾಂವ್ ಗುಡ್ಡದ ತರಗತಿಯಲ್ಲಿ
ಧುಮೆ ಮೇಡಂ ಸ್ಟೀಲಿನ ಡಬ್ಬಿ ಕುಲುಕಿ
ನಮ್ಮ ಕೈಯಿಂದ ದೇಶಗಳನ್ನು ಎತ್ತಿಸಿದರು.
ರೊಯ್ಸ್ಟನ್‌ಗೆ ಎಣ್ಣೆಬಾವಿಗಳ ನಾಡು,
ಫೋಂಡಾದ ಸಮೀಕ್ಷಾಳಿಗೆ ಇಡೀ ಯುರೋಪು,
ನನ್ನ ಚೀಟಿಯಲ್ಲಿ ತುವಾಲು.
ಹಿಂದಿನ ಬೆಂಚು ಗೊಳ್ಳೆಂದಿತು:
ಕೊಂಕಣಿಯಲ್ಲಿ ತುವಾಲೊ ಅಂದರೆ
ಮೈ ಒರೆಸುವ ಬಟ್ಟೆ.

ನಕ್ಷೆಯಲ್ಲಿ ಹುಡುಕಿದೆ; ನೊಣ ಕೂತೆದ್ದ ಗುರುತು.
ಯುಗಾದಿಗೆ ವಾಸ್ಕೊದಿಂದ ಹುಬ್ಬಳ್ಳಿ ಕಡೆಯ ರೈಲು ಹತ್ತುವಷ್ಟು ಜನ
ಇದ್ದಾರು, ಆ ದೇಶಕ್ಕೆಲ್ಲ.
ಉಬ್ಬರ ಬಂದರೆ ಅವರ ಬಾವಿ ಉಪ್ಪಾಗುತ್ತದಂತೆ,
ಕೆಸುವಿನ ಗುಂಡಿಗೆ ಕಡಲು ಇಳಿಯುತ್ತದಂತೆ.
ನಾನು ಅವರ ರಾಯಭಾರಿ,
ಶನಿವಾರ ಹತ್ತರಿಂದ ಐದರವರೆಗೆ,
ನಡುವೆ ಊಟಕ್ಕೆ ಬಿಡುವು.

ಕರಡು ಒಪ್ಪಂದ ಹನ್ನೊಂದು ಪುಟ.
ಯಾರಿಗೋ ಒಪ್ಪದ ಮಾತು ಕಂಡಲ್ಲೆಲ್ಲ
ಆಚೆ ಈಚೆ ಚೌಕ ಕಂಸ.
“ತಗ್ಗಿಸತಕ್ಕದ್ದು” ಕಂಸದೊಳಗೆ,
ಪಕ್ಕದ ಕೋಣೆಯಲ್ಲಿ “ತಗ್ಗಿಸಬಹುದು”,
ಅದರಾಚೆ “ಸಾಧ್ಯವಾದ ಮಟ್ಟಿಗೆ”,
ಇಸವಿ ಕಂಸದೊಳಗೆ, ಹಣ ಕಂಸದೊಳಗೆ,
ಹಾನಿ ಎಂಬ ಎರಡಕ್ಷರ
ದೇವಕಿಯ ಹಾಗೆ, ತುಂಬಿದ ಬಸುರಿ, ಒಳಗೆ.

ವಾಸ್ಕೊದ ಕನ್ನಡ ಶಾಲೆಯಲ್ಲಿ
ಹುಕ್ಕೇರಿ ಮಾಸ್ತರರು ಆವರಣ ಎಂದವರಲ್ಲ;
ಬೆಳಗಾವಿ ಸೀಮೆಯವರು, ಮರಾಠಿಯ ರೂಢಿ,
ಕಂಸ ಎನ್ನುವರು.
“ಹೊರಗಿಂದು ನಿಂತಿರಲಿ.
ಕಂಸದಾಗಿಂದು ಮೊದಲ ಬಿಡಸ್ರಿ”
ಎಂದು ಬೆರಳ ಗೆಣ್ಣಿಗೆ ಸ್ಕೇಲು ಕೊಟ್ಟು ಕಲಿಸಿದ್ದು.
ಇಲ್ಲಿ ಲೆಕ್ಕ ಉಲ್ಟಾ.
ಹೊರಗಿನದಕ್ಕೆ ಮೊದಲು ಚಪ್ಪಾಳೆ,
ಒಳಗಿನದು ಮುಂದಿನ ವರ್ಷಕ್ಕೆ, ಬೇರೆ ಊರಿಗೆ.

ಮೂರೂವರೆಗೆ ರೊಯ್ಸ್ಟನ್ ಎದ್ದ.
ಒಳ್ಳೆಯ ಹುಡುಗ, ತಪ್ಪಿದ ಪಾಠಗಳ ನೋಟ್ಸ್ ಕೊಡುತ್ತಾನೆ.
ಆ ಒಂದು “ತಕ್ಕದ್ದು” ತೆಗೆದರೆ ಸಹಿ, ಎಂದ.
ಯುರೋಪು ಕಣ್ಣಲ್ಲೇ ಅಂದಿತು, ಬಿಟ್ಟುಬಿಡೇ,
ಐದೂಕಾಲಿಗೆ ಫೋಂಡಾ ಬಸ್ಸು.
ನಾನು ಬಿಡಲಿಲ್ಲ ಎಂದು ಬರೆಯುವ ಆಸೆ.
ಬಿಟ್ಟೆ.
ಹತ್ತಕ್ಕೆ ಎಂಟು ಅಂಕ ಬಂತು, ಪಕ್ಕದಲ್ಲಿ ಕೆಂಪು ಶಾಯಿ:
ಹೊಂದಾಣಿಕೆಯ ಗುಣ ಚೆನ್ನಾಗಿದೆ.

ಸಡಾ ಗುಡ್ಡದ ಮನೆ ಮುಟ್ಟುವಾಗ
ಅಪ್ಪ ರಾತ್ರಿ ಪಾಳಿಗೆ ಹೊರಟಿದ್ದ.
ಕಲ್ಲಿದ್ದಲ ವ್ಯಾಗನ್ನುಗಳಿಗೆ ತಾಡಪತ್ರಿ ಹೊದಿಸುವ ಕೆಲಸ.
ಮಲಗಿದ ಮಗುವಿಗೆ ಹೊದಿಸಿದಂತೆ,
ಅನ್ನಬೇಕೆನಿಸುತ್ತದೆ. ಹಾಗೇನಿಲ್ಲ.
ಹಗ್ಗ ಜಗ್ಗಿ ಜಗ್ಗಿ ಅಂಗೈ ಒಡೆದಿರುತ್ತದೆ.
ನನ್ನ ಎರಡು ವರ್ಷದ ಫೀಸು ಆ ಹೊದಿಕೆಯ ಕೆಳಗಿನದು.
ಹೊದಿಸಿದರೂ ಹಾರಿ ಬರುವ ಪುಡಿ
ಅವ್ವ ಒಣಹಾಕಿದ ಸಂಡಿಗೆಯ ಮೇಲೆ,
ನಾನು ತೆರೆದಿಟ್ಟ ಪುಸ್ತಕದ ಮೇಲೆ.

ಇವತ್ತ ಏನ ಕಲತಿ? ಕೇಳಿದಳು ಅವ್ವ.
ಸುಸ್ಥಿರ ಅಭಿವೃದ್ಧಿ.
ಹಂಗಂದ್ರ?
ನಾಳಿನವರಿಗೂ ಉಳಿಯೂ ಹಂಗ ಇವತ್ತ ಉಣ್ಣೂದು.
ಗಡಿಗೆಯೊಳಗೆ ಸೌಟು ಇಳಿಸಿ
ತಳದಲ್ಲಿ ಎಷ್ಟಿದೆ ನೋಡಿದಳು.
ಏನೂ ಅನ್ನಲಿಲ್ಲ. ಆಮೇಲೆ,
ಮೊದಲ ಆ ಕಿಟಕಿ ಹಾಕು, ಗಾಳಿ ಎದ್ದದ.

ಕಿಟಕಿಯ ಕಟ್ಟೆ ತುಂಬ ಕಪ್ಪು.
ಬೆರಳಲ್ಲಿ ಗೀಚಿದೆ: ಒಂದು ಚೌಕ ಕಂಸ,
ನಡುವೆ ಮಧ್ಯಾಹ್ನ ಕೈಬಿಟ್ಟ ಆ ತಕ್ಕದ್ದು,
ಮತ್ತೊಂದು ಕಂಸ.
ಕೆಳಗೆ ಬಂದರಿನ ದೀಪ, ಕನ್ವೇಯರಿನ ಗರಗರ,
ಅಪ್ಪನ ಹೆಲ್ಮೆಟ್ಟು ಇರಬಹುದಾದ ಹಳದಿ ಚುಕ್ಕೆ.
ಅದರಾಚೆ ಕತ್ತಲು, ಅದೇ ಕಡಲು ಇರಬೇಕು,
ತುವಾಲುವಿಗೂ ತಾಗಿದ್ದು.

ಅವ್ವ ಹರಿದ ತುವಾಲೊ ಒಂದನ್ನು
ನೀರಿಗದ್ದಿ ತಂದಳು. ಅಕ್ಷರ ಬಾರದವಳು;
ಒಂದೇ ಎಳೆತಕ್ಕೆ ಎರಡೂ ಕಂಸ ಹೋದವು,
ಒಳಗಿದ್ದದ್ದೂ.
ಹಿಂಡಿದಳು. ಬಕೆಟ್ಟಿನ ನೀರು ಮಸಿಯಾಯಿತು.
ಮುಂಜಾನೆ ಮತ್ತ ಒರಸಬೇಕು, ಅಂದಳು,
ಯಾರು ಎಂದು ಹೇಳದೆ.